ಬಯಾಪ್ಸಿ ನಾರ್ಮಲ್, ಆದರೂ ಸಿ.ಟಿ. ಏಕೆ?

ಪ್ರಶ್ನೆ: ಎಂಡೋಸ್ಕೊಪಿಯಲ್ಲಿ ಜಠರದ ಕೆಳಭಾಗದಲ್ಲಿ 2.5 ಸೆಂ.ಮೀ. ಉಬ್ಬು ಕಂಡಿದೆ. ಕೊಬ್ಬಿನ ಗೆಡ್ಡೆ ಇರಬಹುದು ಎಂದರು. ಚೂರು ತೆಗೆದು ಬಯಾಪ್ಸಿಗೆ ಕಳಿಸಿದ್ದಕ್ಕೆ ‘ನಾರ್ಮಲ್’ ಎಂದು ಬಂದಿದೆ. ಈಗ ಸಿ.ಟಿ. ಸ್ಕ್ಯಾನ್ ಬೇಕು ಅನ್ನುತ್ತಿದ್ದಾರೆ. ಅಗತ್ಯವಿದೆಯೇ?

ಉತ್ತರ: ಇದೆ. ಆ ‘ನಾರ್ಮಲ್’ ಗೆಡ್ಡೆಯದ್ದಲ್ಲ, ಅದರ ಮೇಲೆ ಹೊದ್ದಿರುವ ಲೋಳೆಪೊರೆಯದ್ದು. ಲೈಪೋಮಾ, ಅಂದರೆ ಕೊಬ್ಬಿನ ಗೆಡ್ಡೆ, ಬಹುಪಾಲು ಲೋಳೆಪೊರೆಯ ಅಡಿಯ ಪದರದಲ್ಲಿ ಕೂತಿರುತ್ತದೆ. ಬಯಾಪ್ಸಿ ಚಿಮುಟದ ಬಾಯಿಗೆ ಅಷ್ಟು ಆಳ ಎಟುಕುವುದಿಲ್ಲ. ನಿಮ್ಮ ಎಂಡೋಸ್ಕೊಪಿ ವರದಿಯಲ್ಲಿ ‘ಪಿಲ್ಲೋ ಸೈನ್’ ಎಂದು ಬರೆದಿದೆಯೇ ನೋಡಿ. ಮುಚ್ಚಿದ ಚಿಮುಟದಿಂದ ಒತ್ತಿದಾಗ ಉಬ್ಬು ದಿಂಬಿನಂತೆ ತಗ್ಗಿ, ಬಿಟ್ಟೊಡನೆ ಮೇಲೆದ್ದರೆ ಹಾಗೆನ್ನುತ್ತಾರೆ. ಹಳದಿ ಛಾಯೆಯೂ ಇದ್ದರೆ ಅನುಮಾನ ಇನ್ನಷ್ಟು ಗಟ್ಟಿ. ಆದರೂ ಅದು ಅನುಮಾನವೇ. ಒಳಗಿರುವುದು ಕೊಬ್ಬೇ ಎಂದು ಅಳೆದು ಹೇಳುವುದು ಸಿ.ಟಿ.

ಪ್ರಶ್ನೆ: ವರದಿಯಲ್ಲಿ ‘ಮೈನಸ್ 95 ಎಚ್‌.ಯು.’ ಎಂದಿದೆ. ಮೈನಸ್ ನೋಡಿ ಗಾಬರಿಯಾಗಿದೆ.

ಉತ್ತರ: ಗಾಬರಿ ಬೇಡ, ನಿಮಗೆ ಬೇಕಾದ ಅಂಕಿ ಅದೇ. ಎಚ್.ಯು. (ಹೌನ್ಸ್‌ಫೀಲ್ಡ್ ಯೂನಿಟ್) ಎಂದರೆ ಸಿ.ಟಿ.ಯಲ್ಲಿ ಅಂಗಾಂಶದ ಸಾಂದ್ರತೆ ಹೇಳುವ ಅಳತೆ. ಇದರಲ್ಲಿ ನೀರು 0, ಗಾಳಿ ಮೈನಸ್ 1000. ಮಾಂಸದಂಥ ಅಂಗಾಂಶ ಸೊನ್ನೆಗಿಂತ ಮೇಲೆ. ಲೈಪೋಮಾ ಸಾಮಾನ್ಯವಾಗಿ ಮೈನಸ್ 70ರಿಂದ ಮೈನಸ್ 120ರ ನಡುವೆ. ಅಂಚು ನುಣುಪಾಗಿದ್ದು ಗೆಡ್ಡೆಯುದ್ದಕ್ಕೂ ಇದೇ ಅಂಕಿ ಬಂದರೆ ಸಾಮಾನ್ಯವಾಗಿ ಮತ್ತೆ ಬಯಾಪ್ಸಿ ಬೇಕಾಗುವುದಿಲ್ಲ.

ಅಂಕಿ ಮೋಸ ಮಾಡುವುದೂ ಉಂಟು. ಅಳೆಯಲು ಪರದೆಯ ಮೇಲೆ ಹಾಕುವ ವೃತ್ತ ಗೆಡ್ಡೆಯ ಒಳಗೇ ಇರಬೇಕು. ಅಂಚು ದಾಟಿ ಜಠರದ ಗಾಳಿಗೆ ತಗುಲಿದರೆ ಆ ಮೈನಸ್ 1000 ಸರಾಸರಿಗೆ ಸೇರಿ, ಮಾಂಸದ ಗೆಡ್ಡೆಯೂ ಕೊಬ್ಬಿನಂತೆ ತೋರುತ್ತದೆ. ಉಲ್ಟಾ ತಪ್ಪು ಸಣ್ಣ ಗೆಡ್ಡೆಗಳಲ್ಲಿ: 1 ಸೆಂ.ಮೀ.ಗಿಂತ ಚಿಕ್ಕದನ್ನು 5 ಮಿ.ಮೀ. ದಪ್ಪದ ಅಡ್ಡಸೀಳು ಚಿತ್ರದಲ್ಲಿ, ಅಂದರೆ ಸ್ಲೈಸ್‌ನಲ್ಲಿ ಅಳೆದರೆ ಪಕ್ಕದ ಗೋಡೆಯೂ ಬೆರೆತು ಅಂಕಿ ಮೈನಸ್ 20ರ ಆಸುಪಾಸಿಗೆ ಬಂದು ನಿಲ್ಲಬಹುದು. ಆಗ ಮರುಸ್ಕ್ಯಾನ್‌ಗೆ ಓಡಬೇಡಿ. ಮೂಲ ದತ್ತಾಂಶ ಉಳಿದಿದ್ದರೆ ಅದರಿಂದಲೇ 1 ಮಿ.ಮೀ. ಸ್ಲೈಸ್ ತೆಗೆದು ಅಳೆಯಲು ಕೇಳಿ.

ಪ್ರಶ್ನೆ: ಸ್ಕ್ಯಾನ್‌ಗೆ ಮುಂಚೆ ಬರೀ ನೀರು ಕುಡಿಸಿದರು. ಬಿಳಿ ಔಷಧ ಕೊಡಬೇಕಿತ್ತಲ್ಲವೇ?

ಉತ್ತರ: ನೀರೇ ಸರಿ. ಬಿಳಿ ಕಾಂಟ್ರಾಸ್ಟ್ ದ್ರವದ ಹೊಳಪಿನಲ್ಲಿ ಚಿಕ್ಕ ಉಬ್ಬು ಮುಳುಗಿಹೋಗುತ್ತದೆ. ಖಾಲಿ ಹೊಟ್ಟೆಯಲ್ಲಿ ಅರ್ಧದಿಂದ ಒಂದು ಲೀಟರ್ ನೀರು ಕುಡಿದರೆ ಜಠರದ ಮಡಿಕೆಗಳು ಬಿಚ್ಚಿಕೊಂಡು ಗೋಡೆ ಸ್ಪಷ್ಟವಾಗುತ್ತದೆ. ಉಪವಾಸ ತಪ್ಪಿಸಿದರೆ ಉಳಿದ ಜಿಡ್ಡಿನ ಆಹಾರವೇ ಗೆಡ್ಡೆಯ ವೇಷ ಹಾಕೀತು. ಮಗ್ಗುಲು ಬದಲಿಸಿ ನೋಡಿದರೆ ಅದು ಜಾರುತ್ತದೆ, ಗೆಡ್ಡೆ ಜಾರುವುದಿಲ್ಲ. ಕೊಬ್ಬು ಗುರುತಿಸಲು ರಕ್ತನಾಳಕ್ಕೆ ಕೊಡುವ ಕಾಂಟ್ರಾಸ್ಟ್ ಇಂಜೆಕ್ಷನ್ ಕೂಡ ಕಡ್ಡಾಯವಲ್ಲ, ಮೂತ್ರಪಿಂಡದ ತೊಂದರೆ ಇದ್ದವರಿಗೆ ಇದು ಸಮಾಧಾನದ ವಿಷಯ.

ಪ್ರಶ್ನೆ: ಸಿ.ಟಿ.ಯಲ್ಲಿ ಗೆಡ್ಡೆಯೊಳಗೆ ‘ಎಳೆಗಳು’ ಕಂಡಿವೆ ಎಂದಿದ್ದಾರೆ. ಕ್ಯಾನ್ಸರ್ ಇರಬಹುದೇ?

ಉತ್ತರ: ದೊಡ್ಡ ಲೈಪೋಮಾದ ಮೇಲ್ಮೈ ಹುಣ್ಣಾದಾಗ ಉರಿಯೂತದಿಂದ ಎಳೆಗಳು ಮೂಡುತ್ತವೆ, ಹೆಚ್ಚಿನ ಸಲ ಕಾರಣ ಇದೇ. ಜಠರದ ಲೈಪೋಸಾರ್ಕೋಮಾ (ಕೊಬ್ಬಿನ ಅಂಗಾಂಶದ ಕ್ಯಾನ್ಸರ್) ಬಹಳ ಅಪರೂಪ. ಆದರೂ ಎಳೆಗಳು ದಪ್ಪಗಿದ್ದರೆ, ಕೊಬ್ಬಲ್ಲದ ಗಂಟು ಜೊತೆಗಿದ್ದರೆ ಎಂಡೋಸ್ಕೊಪಿಕ್ ಅಲ್ಟ್ರಾಸೌಂಡ್ (ಎಂಡೋಸ್ಕೊಪಿ ಕೊಳವೆಯ ತುದಿಯಿಂದ, ಜಠರದ ಒಳಗಿನಿಂದಲೇ ಮಾಡುವ ಅಲ್ಟ್ರಾಸೌಂಡ್) ಮಾಡಿಸಿ. ಅದರಲ್ಲಿ ಲೈಪೋಮಾ ಗೋಡೆಯ ಮೂರನೇ ಪದರದಲ್ಲಿ ಬೆಳ್ಳಗೆ ಒಂದೇ ಸಮನೆ ಕಾಣುತ್ತದೆ. ಜಿಸ್ಟ್ ಎಂಬ, ಕ್ಯಾನ್ಸರ್ ಆಗಬಲ್ಲ ಇನ್ನೊಂದು ಬಗೆಯ ಗೆಡ್ಡೆ ಸಾಮಾನ್ಯವಾಗಿ ನಾಲ್ಕನೇ ಪದರದಲ್ಲಿ ಕಪ್ಪಗೆ. ಮಲ ಟಾರಿನಂತೆ ಕಪ್ಪಾಗುತ್ತಿದ್ದರೆ ಒಳಗೆ ರಕ್ತಸ್ರಾವ ಇರಬಹುದು, ಯಾವ ಸ್ಕ್ಯಾನಿಗೂ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ.