ಶಾಲೆಯ ಪಿಯಾನೊಗಳ ಶ್ರುತಿ ಮತ್ತು ನಿರ್ವಹಣೆಗೆ ಹಣ ತೆಗೆದಿಡುವುದು ಹೇಗೆ?

ಮಂಗಳೂರಿನ ನಿಮ್ಮ ಶಾಲೆಯಲ್ಲಿ ಮೂರು ಅಪ್‌ರೈಟ್ (ತಂತಿಗಳು ನೆಟ್ಟಗೆ ನಿಂತಿರುವ) ಪಿಯಾನೊಗಳಿದ್ದು, ಅವುಗಳ ಖರ್ಚನ್ನು ‘ದುರಸ್ತಿ’ ಎಂಬ ಶೀರ್ಷಿಕೆಯಲ್ಲೇ ತೋರಿಸಿದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಶಾಲೆಯೊಂದರಲ್ಲಿ ಪಾಶ್ಚಾತ್ಯ ಸಂಗೀತ ಕಲಿಸುತ್ತ ವಾದ್ಯಗಳ ಉಸ್ತುವಾರಿಯನ್ನೂ ನೋಡಿಕೊಳ್ಳುವವನಾಗಿ ಹೇಳುವುದಾದರೆ, ಶ್ರುತಿ ಮಾಡಿಸುವ ಖರ್ಚು ವಿದ್ಯುತ್ ಬಿಲ್ಲಿನಂತೆ ಪ್ರತಿವರ್ಷವೂ ಬರುವಂಥದ್ದು. ಅದನ್ನು ದುರಸ್ತಿಯೊಳಗೆ ಸೇರಿಸಿದರೆ, ಏನೂ ಕೆಡದ ವರ್ಷ ಆಡಳಿತ ಮಂಡಳಿಯವರು ಮೊದಲು ಕೈಬಿಡುವುದು ಅದನ್ನೇ.

ಪಿಯಾನೊದಲ್ಲಿ ಸುಮಾರು 230 ತಂತಿಗಳಿದ್ದು, ಅವೆಲ್ಲವುಗಳ ಒಟ್ಟು ಬಿಗಿತ 15ರಿಂದ 20 ಟನ್ನುಗಳಷ್ಟಿರುತ್ತದೆ. ತಂತಿಗಳ ಹಿಂದಿರುವ ಮರದ ಧ್ವನಿಫಲಕವು ಮಳೆಗಾಲದ ತೇವ ಹೀರಿ ಉಬ್ಬಿದಾಗ ಶ್ರುತಿ ಏರುತ್ತದೆ, ಗಾಳಿ ಒಣಗಿದಾಗ ಇಳಿಯುತ್ತದೆ. ಹಾಗಾಗಿ ಯಾರೂ ನುಡಿಸದೆ ಮುಚ್ಚಿಟ್ಟ ವಾದ್ಯವೂ ಶ್ರುತಿ ತಪ್ಪುತ್ತದೆ. ಕರಾವಳಿಯಲ್ಲಿ ವರ್ಷಕ್ಕೆ ಎರಡು ಬಾರಿಗಿಂತ ಕಡಿಮೆ ಬೇಡ. ಜೂನ್ ಮೊದಲ ವಾರದಲ್ಲೇ ಶ್ರುತಿ ಮಾಡುವ ಟ್ಯೂನರನ್ನು ಕರೆಸಿದರೆ ಹಣ ವ್ಯರ್ಥವಾಗುತ್ತದೆ, ಏಕೆಂದರೆ ಮರ ಹೊಸ ಹವೆಗೆ ಹೊಂದಿಕೊಳ್ಳಲು ಕೆಲವು ವಾರಗಳಾದರೂ ಬೇಕು. ಜುಲೈ ಕೊನೆಯಲ್ಲೊಮ್ಮೆ, ಜನವರಿಯಲ್ಲೊಮ್ಮೆ ಮಾಡಿಸುವುದು ಸೂಕ್ತ. ಹೊಸ ಪಿಯಾನೊ ಕೊಂಡರೆ ಅದರ ತಂತಿಗಳು ಇನ್ನೂ ಹಿಗ್ಗುತ್ತಿರುವುದರಿಂದ ಮೊದಲ ವರ್ಷಕ್ಕೆ ನಾಲ್ಕು ಬಾರಿಯ ಹಣವಿಡಿ.

ಲೆಕ್ಕ ಸರಳ: ಒಂದು ವಾದ್ಯದ ದರವನ್ನು ವಾದ್ಯಗಳ ಸಂಖ್ಯೆಯಿಂದಲೂ ಬಾರಿಗಳ ಸಂಖ್ಯೆಯಿಂದಲೂ ಗುಣಿಸಿ, ಟ್ಯೂನರ್ ಹೊರಊರಿನವರಾದರೆ ಪ್ರಯಾಣ ಮತ್ತು ವಸತಿಯ ವೆಚ್ಚವನ್ನೂ ಸೇರಿಸಿ. ಒಂದು ಪಿಯಾನೊಗೆ ಒಂದೂವರೆಯಿಂದ ಎರಡು ಗಂಟೆ ಹಿಡಿಯುವುದರಿಂದ ಮೂರನ್ನೂ ಒಂದೇ ದಿನ ಮುಗಿಸಬಹುದು. ನೆರೆಯ ಶಾಲೆ ಅಥವಾ ಚರ್ಚಿನವರೊಂದಿಗೆ ಮಾತಾಡಿಕೊಂಡರೆ ಪ್ರಯಾಣದ ಖರ್ಚು ಹಂಚಿಹೋಗುತ್ತದೆ. ವರ್ಷಗಟ್ಟಲೆ ಬಿಟ್ಟ ವಾದ್ಯವನ್ನು ಪ್ರಮಾಣಿತ ಶ್ರುತಿಯಾದ 440 ಹರ್ಟ್ಸ್‌ಗೆ ಮರಳಿ ತರಲು ಎರಡು ಸುತ್ತಿನ ಕೆಲಸ ಬೇಕಾಗುತ್ತದೆ, ತುಕ್ಕು ಹಿಡಿದ ತಂತಿಗಳು ಕಡಿಯುವ ಭಯವೂ ಇರುತ್ತದೆ. ಶ್ರುತಿ ಮಾಡಿಸದೆ ಉಳಿಸಿದ ಹಣ ಹೀಗೆ ಒಮ್ಮೆಲೇ ಖರ್ಚಾಗಿಹೋಗುತ್ತದೆ.

ತಂತಿಗೆ ಬಡಿಯುವ ಹ್ಯಾಮರ್‌ಗಳ ಫೆಲ್ಟ್ (ಒತ್ತಿದ ಉಣ್ಣೆಯ ಹೊದಿಕೆ) ಸವೆಯುವುದು, ಅದಕ್ಕೆ ನುಸಿ ಹಿಡಿಯುವುದು, ಮಳೆಗಾಲದಲ್ಲಿ ಕೀಗಳು ಅಂಟಿಕೊಳ್ಳುವುದು, ಇವೆಲ್ಲ ನಿಜವಾದ ದುರಸ್ತಿಗಳು. ಇವುಗಳಿಗಾಗಿ, ಶ್ರುತಿಗೆ ಇಟ್ಟಷ್ಟೇ ಮೊತ್ತವನ್ನು ಪ್ರತ್ಯೇಕ ನಿಧಿಯಾಗಿ ಇಡಬೇಕೆಂದೂ, ಖರ್ಚಾಗದೆ ಉಳಿದದ್ದು ಮುಂದಿನ ವರ್ಷಕ್ಕೆ ಸಾಗಬೇಕೆಂದೂ ಮಂಡಳಿಯಿಂದ ಲಿಖಿತ ಒಪ್ಪಿಗೆ ಪಡೆಯಿರಿ. ತಂತಿಗಳನ್ನು ಬಿಗಿಹಿಡಿಯುವ ಟ್ಯೂನಿಂಗ್ ಪಿನ್ನುಗಳೇ ಸಡಿಲಾಗಿ ಶ್ರುತಿ ನಿಲ್ಲದಷ್ಟು ಹಳೆಯ ವಾದ್ಯವಿದ್ದರೆ ಮಾತ್ರ, ಅದಕ್ಕೆ ಹಣ ಸುರಿಯುವ ಬದಲು ಅಭ್ಯಾಸದ ಕೋಣೆಗೆ ಡಿಜಿಟಲ್ ಪಿಯಾನೊ ಕೊಳ್ಳುವುದು ಮಕ್ಕಳಿಗೆ ಹೆಚ್ಚು ಉಪಯುಕ್ತ.

ಈ ವರ್ಷವೇ ತೇವಮಾಪಕವೊಂದನ್ನು ಕೊಳ್ಳಿ. ಪಿಯಾನೊಗಳನ್ನು ಕಿಟಕಿಯಿಂದಲೂ ಮಳೆಗೆ ನೆನೆಯುವ ಹೊರಗೋಡೆಯಿಂದಲೂ ದೂರ ಸರಿಸಿ. ಹಗಲು ಎ.ಸಿ. ಹಾಕಿ ರಾತ್ರಿ ಆರಿಸುವ ಕೋಣೆಯಲ್ಲಂತೂ ಇಡಲೇಬೇಡಿ. ದಿನದಿನವೂ ಏರಿಳಿಯುವ ತೇವ ಸ್ಥಿರವಾದ ತೇವಕ್ಕಿಂತ ಹೆಚ್ಚು ಹಾನಿಕರ.