ಮರದ ಕೋಲನ್ನು ಉಜ್ಜಬೇಡಿ, ಒದ್ದೆ ಮಾಡಿ

ದಯವಿಟ್ಟು ಆ ಸ್ಯಾಂಡ್‌ಪೇಪರ್ ಕೆಳಗಿಡಿ. ಸಿಲಿಕೋನ್ ಕೋಲು ಬೇಡ, ಕ್ರೇಪ್ (ಫ್ರಾನ್ಸಿನ ತೆಳ್ಳನೆ ದೋಸೆ) ಮಾಡುವ ಎಲೆಕ್ಟ್ರಿಕ್ ಕ್ರೇಪ್ ಮೇಕರೂ ಸದ್ಯಕ್ಕೆ ಬೇಡ. ಹಿಟ್ಟು ಹರಡುವ ಟಿ ಆಕಾರದ ಮರದ ಕೋಲಿಗೆ ಹಿಟ್ಟು ಅಂಟುತ್ತಿದೆ, ಕ್ರೇಪ್ ನಡುವೆ ಹರಿಯುತ್ತಿದೆ, ಮರ ಒರಟಾಗಿರುವುದೇ ಇದಕ್ಕೆ ಕಾರಣ ಅಂತ ಬರೆದಿದ್ದೀರಿ. ಉಜ್ಜಿ ನುಣುಪು ಮಾಡಲೋ, ಬೇರೆ ತಗೊಳ್ಳಲೋ ಅಂತ ಕೇಳಿದ್ದೀರಿ. ಮರದ ಮೇಲೆ ನನಗೂ ಇದೇ ಅನುಮಾನ ಬಂದಿತ್ತು. ಉಜ್ಜಿಯೂಬಿಟ್ಟೆ. ಒಂದು ಒಳ್ಳೆಯ ಕೋಲು ಹಾಳಾಯಿತು.

ನಾನು ಓದಿದ್ದು ರೆನ್ ಎಂಬ ಊರಲ್ಲಿ. ಫ್ರಾನ್ಸಿನ ಪಶ್ಚಿಮ ತುದಿಯ ಬ್ರಿಟಾನಿ ಪ್ರಾಂತ್ಯದ ದೊಡ್ಡ ಊರು ಅದು, ಕ್ರೇಪ್‌ನ ತವರು. ಅಲ್ಲಿ ಶನಿವಾರ ಬೆಳಿಗ್ಗೆ ಲಿಸ್ ಅನ್ನುವ ಜಾಗದಲ್ಲಿ ದೊಡ್ಡ ಸಂತೆ ಕೂಡುತ್ತದೆ. ತರಕಾರಿ, ಚೀಸ್, ಹೂವು, ಮೀನು ಎಲ್ಲ ಒಂದೇ ಕಡೆ. ನಡುವೆ ಕಬ್ಬಿಣದ ದೊಡ್ಡ ದುಂಡು ಕಾವಲಿಗಳನ್ನಿಟ್ಟುಕೊಂಡು ಗಲೆಟ್ ಮಾಡುವವರು. ಗಲೆಟ್ ಅಂದರೆ ಬಕ್‌ವೀಟ್ (ಕುಟ್ಟು) ಹಿಟ್ಟಿನದು, ಖಾರದ ಊಟಕ್ಕೆ. ಗೋಧಿ ಹಿಟ್ಟು, ಹಾಲು, ಮೊಟ್ಟೆಯದು ಕ್ರೇಪ್, ಸಿಹಿಗೆ. ಊರಿನವರೆಲ್ಲ ಗಲೆಟ್‌ನಲ್ಲಿ ಹಂದಿ ಸಾಸೇಜ್ ಸುತ್ತಿಕೊಂಡು ನಡೆಯುತ್ತಲೇ ತಿನ್ನುತ್ತಿದ್ದರು. ನಾನು ಮಾಂಸ ತಿನ್ನುವುದಿಲ್ಲ, ಮೊಟ್ಟೆ, ಚೀಸ್ ಹಾಕಿಸಿಕೊಂಡು ಅಲ್ಲೇ ಪಕ್ಕಕ್ಕೆ ನಿಂತು ಅವರ ಕೈಯನ್ನೇ ನೋಡುತ್ತಿದ್ದೆ.

ಆ ಕೈಯಲ್ಲಿ ಎರಡೇ ಸಾಮಾನು, ಎರಡೂ ಮರದ್ದು. ಒಂದು ರೊಜೆಲ್, ನಿಮ್ಮ ಹತ್ತಿರ ಇರುವ ಟಿ ಆಕಾರದ್ದು, ಹಿಟ್ಟು ಹರಡಲಿಕ್ಕೆ. ಇನ್ನೊಂದು ಸ್ಪನೆಲ್, ಮೊಳದಷ್ಟು ಉದ್ದದ ತೆಳ್ಳನೆ ಪಟ್ಟಿ, ಎಬ್ಬಿಸಿ ತಿರುವಿ ಹಾಕಲಿಕ್ಕೆ. ಕಾವಲಿಗೆ ಅಲ್ಲಿ ಬಿಲಿಗ್ ಅಂತಾರೆ. ಸಾಮಾನ್ಯವಾಗಿ 40 ಸೆಂಟಿಮೀಟರ್ ಅಗಲ, ಸುತ್ತ ಅಂಚೇ ಇರುವುದಿಲ್ಲ. ಅವರು ಒಂದು ಸೌಟು ಹಿಟ್ಟು ಸುರಿದು ಮಣಿಕಟ್ಟು ತಿರುಗಿಸಿದರೆ ಮುಗಿಯಿತು, ಅಂಚಿನ ತನಕ ಒಂದೇ ದಪ್ಪ. ನಾನು ಹುಟ್ಟಿದಾಗಿನಿಂದ ದೋಸೆ ನೋಡಿದವನು, ಇದೇನು ಮಹಾ ಅನ್ನಿಸಿತು. ಸಂತೆಯಲ್ಲೇ ಬೀಚ್ ಮರದ ಜೊತೆಯೊಂದನ್ನು ಕೊಂಡು ರೂಮಿಗೆ ತಂದೆ.

ಮೊದಲನೆಯದೇ ಹರಿಯಿತು. ಎರಡನೆಯದು ರೊಜೆಲ್‌ಗೆ ಸುತ್ತಿಕೊಂಡು ಮೇಲೆದ್ದು ಬಂತು. ಆಮೇಲೆ ದೋಸೆ ಬುದ್ಧಿ ಓಡಿಸಿದೆ. ನೀರು ಚಿಮುಕಿಸಿ ಕಾವಲಿಯ ಕಾವು ಇಳಿಸಿದೆ. ಎಣ್ಣೆ ಜಾಸ್ತಿ ಹಾಕಿದೆ. ಹಿಟ್ಟು ಗಟ್ಟಿ ಮಾಡಿದೆ. ಪ್ರತಿಯೊಂದರಿಂದಲೂ ಇನ್ನಷ್ಟು ಕೆಟ್ಟಿತು. ಕೊನೆಗೆ ಮರದ ಅಂಚಿನ ಮೇಲೆ ಬೆರಳಾಡಿಸಿದೆ. ನಾರು ನಾರಾಗಿ ಒರಟು ತಾಗಿತು. ಇದೇ ಕಳ್ಳ ಅಂತ ತೀರ್ಮಾನಿಸಿ, ಸ್ಯಾಂಡ್‌ಪೇಪರ್ ಮಡಿಚಿ ಕೈಯಲ್ಲಿ ಹಿಡಿದು, ಅಂಚು ಗಾಜಿನ ಹಾಗೆ ಆಗುವ ತನಕ ಉಜ್ಜಿದೆ.

ಇಲ್ಲಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ನೀವು ಇದೇ ಹೊಸ್ತಿಲಲ್ಲಿ ನಿಂತಿದ್ದೀರಿ.

ಆ ಒರಟು ಏನು ಗೊತ್ತಾ? ಮರ ಒದ್ದೆಯಾಗಿ ಒಣಗಿದಾಗ ಮೇಲೇಳುವ ಸಣ್ಣ ನಾರು, ಅಷ್ಟೇ. ನೀರಲ್ಲಿ ಅದ್ದಿದರೆ ಅದು ಮೆತ್ತಗಾಗುತ್ತದೆ. ಹಿಟ್ಟು ಅಂಟುವುದು ಒರಟಿನಿಂದಲ್ಲ, ಒಣಗಿದ್ದರಿಂದ. ಒಣ ಮರ ಹಿಟ್ಟಿನೊಳಗಿನ ನೀರನ್ನು ಹೀರುತ್ತದೆ. ನೀರು ಹೋದ ಹಿಟ್ಟು ಅಂಟಾಗಿ ಅಂಚಿಗೆ ಕೂರುತ್ತದೆ. ಕೋಲು ಅರ್ಧ ಸುತ್ತು ಬರುವಷ್ಟರಲ್ಲಿ ಆ ಅಂಟು ಹೊಸ ಹಿಟ್ಟನ್ನು ಹಿಡಿದುಕೊಳ್ಳುತ್ತದೆ, ಕಾವಲಿಗೆ ಕಚ್ಚಿದ ಪದರವನ್ನೂ ಎಳೆದುಕೊಂಡು ಹೋಗುತ್ತದೆ. ಹರಿಯುವುದು ಹೀಗೆ. ಅದೇ ಮರ ನೀರು ಕುಡಿದಿದ್ದರೆ ಮೈಮೇಲೆ ನೀರಿನ ಪೊರೆ ಇರುತ್ತದೆ, ಹಿಟ್ಟು ಅದರ ಮೇಲೆ ಜಾರುತ್ತದೆ. ಸಂತೆಯಲ್ಲಿ ಪ್ರತಿಯೊಬ್ಬರ ಕಾವಲಿ ಪಕ್ಕದಲ್ಲೂ ಒಂದು ಡಬ್ಬಿ ನೀರು ಇತ್ತು, ಅದರಲ್ಲಿ ರೊಜೆಲ್ ನಿಂತಿರುತ್ತಿತ್ತು. ತೊಳೆಯಲಿಕ್ಕೆ ಇಟ್ಟಿದ್ದಾರೆ ಅಂದುಕೊಂಡಿದ್ದೆ.

ಉಜ್ಜಿದ್ದು ಸುಮ್ಮನೆ ದಂಡವಷ್ಟೇ ಅಲ್ಲ, ದೊಡ್ಡ ಹಾನಿಯನ್ನೂ ಮಾಡಿತು. ರೊಜೆಲ್‌ನ ಪ್ರಾಣ ಇರುವುದು ಅದರ ನೇರ ಅಂಚಿನಲ್ಲಿ. ಕೈಯಲ್ಲಿ ಹಿಡಿದು ಉಜ್ಜಿದಾಗ ಎರಡು ತುದಿಗಳೇ ಜಾಸ್ತಿ ಸವೆಯುತ್ತವೆ, ನಡು ಉಬ್ಬಿಕೊಳ್ಳುತ್ತದೆ. ಎಷ್ಟೇ ಎಚ್ಚರದಿಂದ ಉಜ್ಜಿದರೂ ಹೀಗೇ ಆಗುತ್ತದೆ. ಆಮೇಲೆ ಕಾವಲಿ ಮೇಲೆ ಇಟ್ಟರೆ ಕೋಲು ತೂಗಾಡುತ್ತದೆ. ಉಬ್ಬಿದ ಜಾಗ ಹಿಟ್ಟನ್ನು ಕೆರೆಯುತ್ತದೆ, ತುದಿಗಳ ಕೆಳಗೆ ಹಿಟ್ಟು ದಪ್ಪಗೆ ಉಳಿಯುತ್ತದೆ. ನನ್ನ ಕ್ರೇಪ್‌ನಲ್ಲಿ ಒಂದು ಬಳೆ ತೂತು, ಅದರಾಚೆ ಒಂದು ಬಳೆ ಬೇಯದ ಹಿಟ್ಟು. ಮೊದಲು ಕೈ ಮಾತ್ರ ತಪ್ಪಾಗಿತ್ತು. ಉಜ್ಜಿದ ಮೇಲೆ ಕೈ ಸರಿಯಾದರೂ ಕೋಲು ಸರಿಯಿಲ್ಲ ಅನ್ನುವ ಸ್ಥಿತಿ. ಯಾವುದು ಕಾರಣ ಅಂತ ಹುಡುಕುವ ದಾರಿಯನ್ನೇ ಮುಚ್ಚಿಬಿಟ್ಟಿದ್ದೆ.

ಕೆಳಗಿನ ಮನೆಯಲ್ಲಿ ವಯಸ್ಸಾದ ಹೆಂಗಸೊಬ್ಬರು ಇದ್ದರು, ಬ್ರಿಟಾನಿಯ ಕೊನೆಯಂಚು ಫಿನಿಸ್ಟೇರ್ ಕಡೆಯವರು. ಸುಟ್ಟ ವಾಸನೆ ಬಂದು ಒಂದು ದಿನ ಮೇಲೆ ಬಂದರು. ಕೋಲನ್ನು ತಗೊಂಡು ಅಡುಗೆಮನೆ ಕಲ್ಲಿನ ಮೇಲೆ ನಿಲ್ಲಿಸಿ, ಬಗ್ಗಿ ಕಣ್ಣು ಅದರ ಮಟ್ಟಕ್ಕೆ ತಂದು ನೋಡಿದರು. ಎರಡೂ ತುದಿಯ ಕೆಳಗಿಂದ ಬೆಳಕು ಬರುತ್ತಿತ್ತು. ಏನೂ ಅನ್ನಲಿಲ್ಲ, ಕೆಳಗೆ ಹೋಗಿ ತಮ್ಮದನ್ನು ತಂದರು. ಕಪ್ಪಾಗಿತ್ತು, ಹಿಡಿ ಬಳಸಿ ಬಳಸಿ ಸಣ್ಣಗಾಗಿತ್ತು. ಅಂಚು ಮಾತ್ರ ಗೆರೆ ಹೊಡೆದಷ್ಟು ನೇರ.

ಅವರು ಮೊದಲು ತಿದ್ದಿದ್ದು ನನ್ನ ಹಿಡಿತ. ನಾನು ಸೌಟು ಹಿಡಿದ ಹಾಗೆ ಮುಷ್ಟಿ ಕಟ್ಟಿ ಒತ್ತುತ್ತಿದ್ದೆ. ಒತ್ತಿದರೆ ತೆಳ್ಳಗಾಗುತ್ತದೆ ಅನ್ನುವುದು ನಮ್ಮ ಕೈಯ ನಂಬಿಕೆ. ಹುದುಗಿದ ದೋಸೆ ಹಿಟ್ಟು ಗಟ್ಟಿ, ಅದಕ್ಕೆ ಸೌಟಿನ ತಳದ ಒತ್ತಡ ಬೇಕು. ಕ್ರೇಪ್ ಹಿಟ್ಟು ನೀರಾಗಿರುತ್ತದೆ. ಅದು ಎಷ್ಟು ತೆಳ್ಳಗಾಗಬೇಕು ಅನ್ನುವುದನ್ನು ಸುರಿಯುವ ಅಳತೆಯೇ ಹೇಳುತ್ತದೆ, ಕೋಲಿನ ಕೆಲಸ ಅದನ್ನು ದೂಡುವುದಷ್ಟೇ. ಊದಿನಕಡ್ಡಿ ಹಿಡಿದ ಹಾಗೆ ಹೆಬ್ಬೆರಳು, ಎರಡು ಬೆರಳ ತುದಿಯಲ್ಲಿ ಹಿಡಿಯಿರಿ. ಕೋಲಿನ ಭಾರ ಬಿಟ್ಟು ನಿಮ್ಮ ಕೈಯ ಭಾರ ಒಂದಿಷ್ಟೂ ಕಾವಲಿ ಮೇಲೆ ಬೀಳಬಾರದು. ಸಾಗುವ ಕಡೆಯ ಅಂಚು ಕೂದಲೆಳೆಯಷ್ಟು ಮೇಲೆದ್ದಿರಲಿ. ನಡುವೆ ಹಿಟ್ಟು ಸುರಿದು, ಮಣಿಕಟ್ಟಿನಿಂದ ಸಣ್ಣ ಸುತ್ತು ಶುರು ಮಾಡಿ, ಸುತ್ತು ದೊಡ್ಡದು ಮಾಡುತ್ತಾ ಅಂಚಿಗೆ ಹೋಗಿ. ತೂತು ಬಿದ್ದರೆ ಹಿಂದಕ್ಕೆ ಹೋಗಿ ಸವರಬೇಡಿ, ಸ್ಪನೆಲ್ ತುದಿಯಲ್ಲಿ ಒಂದು ತೊಟ್ಟು ಹಿಟ್ಟು ಹಚ್ಚಿ. ಪ್ರತಿ ಕ್ರೇಪ್ ಆದಮೇಲೂ ರೊಜೆಲ್ ನೀರಿಗೆ. ತೆಗೆದು ಒಮ್ಮೆ ಒದರಿ, ಹನಿ ತೊಟ್ಟಿಕ್ಕಬಾರದು.

ಕಾವಿನ ವಿಷಯದಲ್ಲೂ ದೋಸೆ ಪಾಠ ಇಲ್ಲಿ ನಡೆಯುವುದಿಲ್ಲ. ನಾವು ದೋಸೆಗೆ ನೀರು ಚಿಮುಕಿಸಿ ಕಾವಲಿ ತಣಿಸುತ್ತೇವೆ ಅಲ್ವಾ, ಹರಡಲು ಸಮಯ ಸಿಗಲಿ ಅಂತ. ಕ್ರೇಪ್‌ಗೆ ಕಾವಲಿ ಬಿಸಿಯಾಗಿಯೇ ಇರಬೇಕು. ಗೋಧಿಯದಕ್ಕೆ 200 ಡಿಗ್ರಿ ಆಸುಪಾಸು, ಬಕ್‌ವೀಟ್‌ಗೆ ಇನ್ನೂ ಜಾಸ್ತಿ, 230ರ ಹತ್ತಿರ. ಹಿಟ್ಟು ಬಿದ್ದ ಕೂಡಲೇ ತಳದ ಪದರ ಕಚ್ಚಬೇಕು, ಮೇಲಿನ ನೀರು ಹಿಟ್ಟು ಆ ಪದರದ ಮೇಲೆ ಓಡಬೇಕು. ತಣ್ಣಗಿದ್ದರೆ ಕಚ್ಚುವುದಿಲ್ಲ, ಇಡೀ ಹಿಟ್ಟು ಕೋಲಿನ ಹಿಂದೆ ಬರುತ್ತದೆ. ಎಣ್ಣೆ ಜಾಸ್ತಿಯಾದರೂ ಇದೇ ಗತಿ. ಅಲ್ಲಿ ಹಳೆಯ ಕಾಲದವರು ಹಂದಿ ಕೊಬ್ಬಿಗೆ ಮೊಟ್ಟೆಯ ಹಳದಿ ಕಲಸಿ ಬಟ್ಟೆ ಉಂಡೆಯಿಂದ ಸವರುತ್ತಾರೆ. ನಾನು ಎಣ್ಣೆ ಸವರಿ ಒಣಬಟ್ಟೆಯಲ್ಲಿ ಪೂರ್ತಿ ಒರೆಸುತ್ತೇನೆ, ಕಣ್ಣಿಗೆ ಮಿಂಚು ಕಾಣಬೇಕು, ಎಣ್ಣೆ ಕಾಣಬಾರದು.

ಈಗ ನಿಮ್ಮ ಕ್ರೇಪ್ ಮೇಕರ್ ಪ್ರಶ್ನೆ. ಬ್ರಿಟಾನಿಯಲ್ಲೇ 1949ರಲ್ಲಿ ಶುರುವಾದ ಕ್ರಾಂಪೂಜ್ ಅನ್ನುವ ಕಂಪನಿ ಇದೆ, ಕ್ರೇಪ್ ಅಂಗಡಿಗಳಲ್ಲಿ ಅವರ ಯಂತ್ರಗಳು ಧಾರಾಳ. ಚೆನ್ನಾಗಿವೆ. ಆದರೆ ಅವುಗಳ ಮೇಲೂ ಹಿಟ್ಟು ಹರಡುವುದು ಇದೇ ಮರದ ರೊಜೆಲ್‌ನಲ್ಲಿ. ಯಂತ್ರ ಕೊಡುವುದು ಸಮನಾದ ಕಾವು ಮಾತ್ರ, ಕೈಯನ್ನಲ್ಲ. ನಿಮಗೆ ಕೆಟ್ಟಿರುವುದು ಕೈ. ಅದಕ್ಕೆ ಸಾವಿರಾರು ರೂಪಾಯಿ ಸುರಿಯುವುದು ಯಾಕೆ? ನಮ್ಮ ಮನೆಯ ಬೀಡಿನ ದೋಸೆ ಕಾವಲಿ, ಅಂಚಿಲ್ಲದ ಸಪಾಟಾದದ್ದು, ಇದಕ್ಕೆ ಹೇಳಿ ಮಾಡಿಸಿದ್ದು. ನಾನು ಈಗ ಮೈಸೂರಲ್ಲಿ ಅದರ ಮೇಲೇ ಮಾಡುತ್ತೇನೆ. ಅಂಚೆದ್ದ ನಾನ್‌ಸ್ಟಿಕ್ ಬಾಣಲೆ ನಿಮ್ಮದಾಗಿದ್ದರೆ ರೊಜೆಲ್ ಅಲ್ಲಿ ತಿರುಗುವುದೇ ಇಲ್ಲ, ಸುತ್ತಲೂ ಬಡಿಯುತ್ತದೆ. ಅಂಥದ್ದರಲ್ಲಿ ಬಾಣಲೆಯನ್ನೇ ಓರೆ ಮಾಡಿ ಹಿಟ್ಟು ಓಡಿಸಿ, ಕೋಲು ಎತ್ತಿಡಿ. ಇನ್ನೊಂದು, ರೊಜೆಲ್ ಕಾವಲಿಯ ಅಗಲದ ಅರ್ಧಕ್ಕಿಂತ ಸ್ವಲ್ಪ ಕಮ್ಮಿ ಇರಬೇಕು. ನಮ್ಮ ಮನೆ ಕಾವಲಿಗಳು 30 ಸೆಂಟಿಮೀಟರ್ ಇದ್ದರೆ ದೊಡ್ಡದು, ಅದಕ್ಕೆ 12–13 ಸೆಂಟಿಮೀಟರಿನ ರೊಜೆಲ್ ಸಾಕು. ಆನ್‌ಲೈನ್‌ನಲ್ಲಿ ಸಿಗುವ ದೊಡ್ಡದು ತಂದಿದ್ದರೆ ಬಡಗಿ ಹತ್ತಿರ ಎರಡೂ ಕಡೆ ಸಮವಾಗಿ ಕೊಯ್ಸಿ. ವಾರ್ನಿಶ್ ಮಾತ್ರ ಹೊಡೆಸಬೇಡಿ, ನೀರು ಹೀರದ ಮರದಿಂದ ಪ್ರಯೋಜನವಿಲ್ಲ.

ಸಿಲಿಕೋನ್ ಬಗ್ಗೆ ನನ್ನದು ಒಂದೇ ಮಾತು. ಅದು ನೀರು ಹಿಡಿಯುವುದಿಲ್ಲ, ಬಾಗುತ್ತದೆ. ಬಾಗುವ ಅಂಚಿನಿಂದ ಸಮನಾದ ದಪ್ಪ ಬರುವುದಿಲ್ಲ. ಸುಮ್ನೆ ದುಡ್ಡು ದಂಡ.

ಹಿಟ್ಟಿನ ಅಳತೆ ಕೇಳಿಲ್ಲ ನೀವು, ಆದರೂ ಬರೆಯುತ್ತೇನೆ. ಗೋಧಿ ಕ್ರೇಪ್‌ಗೆ 250 ಗ್ರಾಂ ಮೈದಾ, ಅರ್ಧ ಲೀಟರ್ ಹಾಲು, ಮೂರು ಮೊಟ್ಟೆ, 50 ಗ್ರಾಂ ಕರಗಿಸಿದ ಬೆಣ್ಣೆ, ಚಿಟಿಕೆ ಉಪ್ಪು. ಗಂಟು ಹೋಗುವಷ್ಟೇ ಕದಡಿ, ಒಂದು ಗಂಟೆ ಬಿಡಿ. ಜಾಸ್ತಿ ಕದಡಿದರೆ ಗ್ಲೂಟನ್ (ಗೋಧಿ ಹಿಟ್ಟಿಗೆ ಜಿಗುಟು ಕೊಡುವ ಅಂಶ) ಎದ್ದು ಕ್ರೇಪ್ ರಬ್ಬರಾಗುತ್ತದೆ. ಬಕ್‌ವೀಟ್‌ಗೆ ಇದರ ಉಲ್ಟಾ. ಅದರಲ್ಲಿ ಗ್ಲೂಟನ್ನೇ ಇಲ್ಲ, ಕೈ ಸೋಲುವ ತನಕ ಬಡಿಯಬೇಕು. 330 ಗ್ರಾಂ ಹಿಟ್ಟು, 10 ಗ್ರಾಂ ಕಲ್ಲುಪ್ಪು, ಮುಕ್ಕಾಲು ಲೀಟರ್ ತಣ್ಣೀರು. ನೀರನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಬಡಿಯಿರಿ, ಫ್ರಿಜ್‌ನಲ್ಲಿ ಒಂದೆರಡು ಗಂಟೆ ಇಡಿ. ಕೆಲವರು ಒಂದು ಮೊಟ್ಟೆ ಒಡೆದು ಹಾಕುತ್ತಾರೆ, ಇಲ್ಲದೆಯೂ ನಡೆಯುತ್ತದೆ. ಮೊಟ್ಟೆ ಮುಟ್ಟದ ಮನೆಗಳಿಗೆ ಇದು ವರ. ನವರಾತ್ರಿ ಉಪವಾಸಕ್ಕೆ ಅಂತ ಉತ್ತರ ಭಾರತದವರ ಅಂಗಡಿಗಳಲ್ಲಿ ಸಿಗುವ ಕುಟ್ಟು ಹಿಟ್ಟು ಇದೇ ಬಕ್‌ವೀಟ್. ಬ್ರಿಟಾನಿಯ ಮಣ್ಣು ಬಡ ಮಣ್ಣು, ಹುಳಿ ಮಣ್ಣು. ಗೋಧಿ ಕೈಕೊಡುವ ಜಾಗದಲ್ಲಿ ಇದು ನೂರು ದಿನದಲ್ಲಿ ಕೊಯ್ಲಿಗೆ ಬರುತ್ತಿತ್ತು, ಬಡವರ ಹೊಟ್ಟೆ ತುಂಬಿಸಿದ್ದೇ ಇದು. ಆ ಪ್ರಾಂತ್ಯದ ಹಿಟ್ಟಿಗೆ 2010ರಲ್ಲಿ ಯುರೋಪಿನ ಭೌಗೋಳಿಕ ಗುರುತು ಸಿಕ್ಕಿದೆ. ಗಲೆಟ್ ಜೊತೆಗೆ ಅವರು ಲೆ ರಿಬೊ ಕುಡಿಯುತ್ತಾರೆ, ಬಟ್ಟಲಲ್ಲಿ. ಅದು ಮಜ್ಜಿಗೆ! ಮೊದಲ ಸಲ ಕುಡಿದಾಗ ನನಗೆ ಆದ ಖುಷಿ ಹೇಳತೀರದು.

ನಿಮ್ಮ ಸ್ಪನೆಲ್ ಬಗ್ಗೆ ಏನೂ ಬರೆದಿಲ್ಲ. ಅರ್ಧ ಜಗಳ ಅಲ್ಲೇ ಇರುತ್ತದೆ. ಕ್ರೇಪ್‌ನ ಅಂಚು ಕಂದು ಬಣ್ಣಕ್ಕೆ ತಿರುಗಿ ತಾನೇ ಏಳುವ ತನಕ ಕಾಯಿರಿ. ಆಮೇಲೆ ಪಟ್ಟಿಯನ್ನು ಸುತ್ತ ಓಡಿಸಿ ಬಿಡಿಸಿ, ನಡುವಿನ ಕೆಳಗೆ ಉದ್ದಕ್ಕೆ ತೂರಿಸಿ, ಎತ್ತಿ ಮಗುಚಿ. ಸ್ಟೀಲ್ ಸಟುಗ ಬಳಸಬೇಡಿ, ಕಾವಲಿಯ ಮೇಲೆ ಕೂತ ಎಣ್ಣೆಯ ಕಪ್ಪು ಪದರ ಕೆರೆದು ಹೋಗುತ್ತದೆ, ಮುಂದಿನದು ಅಂಟುತ್ತದೆ. ಫೆಬ್ರವರಿ 2ಕ್ಕೆ ಫ್ರಾನ್ಸಿನಲ್ಲಿ ಶಾಂದಲರ್ ಹಬ್ಬ, ಮನೆಮನೆಯಲ್ಲೂ ಕ್ರೇಪ್. ಅವತ್ತು ಒಂದು ಕೈಯಲ್ಲಿ ಚಿನ್ನದ ನಾಣ್ಯ ಹಿಡಿದು, ಇನ್ನೊಂದು ಕೈಯಲ್ಲಿ ಬಾಣಲೆಯಿಂದ ಹಾರಿಸಿ ಮಗುಚುವ ಪದ್ಧತಿ ಇದೆ. ಅದೆಲ್ಲ ಆಮೇಲೆ ಕಲಿಯಬಹುದು.

ಕೆಲಸ ಆದಮೇಲೆ ಎರಡನ್ನೂ ಬರೀ ನೀರಲ್ಲಿ ತೊಳೆದು ನೇತುಹಾಕಿ. ರಾತ್ರಿಯಿಡೀ ಸಿಂಕ್‌ನಲ್ಲಿ ನೆನೆಹಾಕಿದರೆ ಹಿಡಿ ಸಡಿಲವಾಗುತ್ತದೆ, ಪಟ್ಟಿ ಡೊಂಕಾಗುತ್ತದೆ. ಡಿಶ್‌ವಾಶರ್ ಅಂತೂ ಬೇಡವೇ ಬೇಡ.

ಅಕಸ್ಮಾತ್ ನೀವು ಆಗಲೇ ಉಜ್ಜಿಬಿಟ್ಟಿದ್ದರೆ ಕೋಲನ್ನು ಗ್ರಾನೈಟ್ ಮೇಲೆ ನಿಲ್ಲಿಸಿ, ಕೆಳಗಿಂದ ಬೆಳಕು ಬರುತ್ತದಾ ನೋಡಿ. ಬಂದರೆ ಸ್ಯಾಂಡ್‌ಪೇಪರನ್ನು ಗ್ರಾನೈಟ್ ಮೇಲೆ ಟೇಪ್ ಹಾಕಿ ಅಂಟಿಸಿ, ಕೋಲನ್ನು ಅದರ ಮೇಲೆ ನೆಟ್ಟಗೆ ಹಿಡಿದು ಉದ್ದಕ್ಕೆ ಎಳೆಯಿರಿ. ಕಾಗದ ಕೈಯಲ್ಲಿರಬಾರದು, ಕಲ್ಲಿನ ಮೇಲಿರಬೇಕು. ಸ್ವಲ್ಪವೇ ಬಾಗಿದ್ದರೆ ನೇರವಾಗುತ್ತದೆ. ಜಾಸ್ತಿ ಬಾಗಿದ್ದರೆ ಹೊಸದು ತಗೊಳ್ಳಿ, ಮರದ್ದೇ ತಗೊಳ್ಳಿ.