ದಿವಾಳಿ ಆದಮೇಲೆ ಮನೆ ಖರ್ಚು: ಸಂಬಳ ಬೇರೆ, ಅಡಿಕೆ ದುಡ್ಡು ಬೇರೆ

ಶಿವಮೊಗ್ಗದ ಅಂಗಡಿ ಮುಳುಗಿ ಕೋರ್ಟಿನಲ್ಲಿ ದಿವಾಳಿ ಆಗಿದೆ, ಈಗಿರುವುದು 18,000 ಸಂಬಳ, ಜೊತೆಗೆ ಅಮ್ಮನ ಹೆಸರಿನ ತೋಟದ ಅಡಿಕೆ ದುಡ್ಡು, ಮನೆ ನಡೆಸುವುದು ಹೇಗೆ, ದಿನಸಿ ಅಂಗಡಿಯಲ್ಲಿ ಸಾಲ ಬರೆಸಬಹುದಾ ಅಂತ ಕೇಳಿದ್ದೀರಿ.

ಸಾಲದ ವಿಷಯ ಮೊದಲು. 1920ರ ಪ್ರಾಂತೀಯ ದಿವಾಳಿ ಕಾಯ್ದೆ ಪ್ರಕಾರ, ಕೋರ್ಟ್ ನಿಮ್ಮನ್ನು ದಿವಾಳಿತನದಿಂದ ಬಿಡುಗಡೆ ಮಾಡುವ ತನಕ 50 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಸಾಲ ಪಡೆಯುವಾಗ ದಿವಾಳಿ ಆಗಿರುವುದನ್ನು ಹೇಳಲೇಬೇಕು. ಮುಚ್ಚಿಟ್ಟರೆ 6 ತಿಂಗಳವರೆಗೆ ಜೈಲೂ ಆಗಬಹುದು. ಐವತ್ತು ರೂಪಾಯಿ ಅಂದರೆ ಹಾಲು, ಸೊಪ್ಪಿಗೇ ಮುಗಿಯುತ್ತದೆ! ಲೆಕ್ಕ ಬರೆಸುವುದು ಬೇಡ, ನಗದು ಕೊಟ್ಟೇ ತನ್ನಿ.

ಅಡಿಕೆ ದುಡ್ಡು ದೀಪಾವಳಿ ಕಳೆದಮೇಲೆ ಒಟ್ಟಿಗೆ ಬರುತ್ತದೆ, ಕೈಗೆ ಸಿಕ್ಕ ಕೂಡಲೇ ಬೈಕು, ಟಿವಿ ಅಂತ ಮನಸ್ಸು ಓಡುತ್ತದೆ. ಕೊಯ್ಲಿನ ಕೂಲಿ, ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಖರ್ಚು ಮೊದಲು ತೆಗೆದಿಡಿ. ಉಳಿದದ್ದನ್ನು ಜೂನ್ ತನಕ ಮುಟ್ಟಬೇಡಿ, ಯಾಕಂದರೆ ಶಾಲೆ ಫೀಸು, ಕೊಡೆ, ಹಂಚು ರಿಪೇರಿ ಎಲ್ಲ ಮಳೆಯ ಜೊತೆಗೇ ವಕ್ಕರಿಸುತ್ತವೆ.

ಊಟ, ಬಾಡಿಗೆ, ಕರೆಂಟು ಸಂಬಳದಲ್ಲೇ ಮುಗಿಯಬೇಕು. ಆಗದಿದ್ದರೆ ಸುಮ್ನೆ ಚಹಾಪುಡಿಯಲ್ಲಿ ಉಳಿಸಲು ಹೋಗಬೇಡಿ, ಕಡಿಮೆ ಬಾಡಿಗೆಯ ಮನೆ ಹುಡುಕಿ. ನೆಂಟರು ಏನಂತಾರೋ ಅನ್ನುವ ಚಿಂತೆ ಬಿಡಿ, ಅವರೇನು ಬಾಡಿಗೆ ಕಟ್ಟುವುದಿಲ್ಲ ಅಲ್ವಾ? ಸಿಬಿಲ್ ವರದಿ, ಅಂದರೆ ನಿಮ್ಮ ಸಾಲಗಳ ದಾಖಲೆ, ವರ್ಷಕ್ಕೊಮ್ಮೆ ಉಚಿತವಾಗಿ ಸಿಗುತ್ತದೆ, ತೀರಿದ ಸಾಲ ಇನ್ನೂ ಬಾಕಿ ಅಂತ ತೋರಿಸುತ್ತಿದೆಯಾ ನೋಡಿಕೊಳ್ಳಿ.